ವೇಗದ ಬೆಲೆ: ಹೆಚ್ಚು ಹಣ ತೆತ್ತು ಉಳಿಸಿದ ಸಮಯ ಎಲ್ಲಿಗೆ ಹೋಗುತ್ತದೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ವರ್ತಕರೂ ಸಣ್ಣ ಉದ್ದಿಮೆದಾರರೂ ದಿನನಿತ್ಯ ಎರಡು ದರಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಹತ್ತು ಜನರ ಮಾಲಿನ ಜೊತೆ ಲಾರಿಯಲ್ಲಿ ಹಾಕಿದರೆ ಒಂದು ಬಾಡಿಗೆ. ಪ್ರತ್ಯೇಕ ಟೆಂಪೊ ಗೊತ್ತುಮಾಡಿದರೆ ಮತ್ತೊಂದು. ಸಾಮಾನ್ಯ ಎಕ್ಸ್‌ಪ್ರೆಸ್ ರೈಲಿಗೆ ಒಂದು ದರ. ಸೂಪರ್‌ಫಾಸ್ಟ್ ರೈಲಿಗೆ ಅದರ ಮೇಲೊಂದು ಅಧಿಶುಲ್ಕ. ಹಳ್ಳಿಯ ರಸ್ತೆಗೆ ಶುಲ್ಕವಿಲ್ಲ. ಹೆದ್ದಾರಿಗೆ ಟೋಲ್ ನಾಕಾ ಇದೆ. ಹೆಚ್ಚು ಕೊಟ್ಟವನು ಬೇಗ ತಲುಪುತ್ತಾನೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಬೇಗ ತಲುಪಿದವನಿಗೆ ಲಾಭವಾಯಿತೇ ಎಂಬ ಪ್ರಶ್ನೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ನೋಡುವವರು ಕಡಿಮೆ.

ಸಾಗಾಣಿಕೆಯ ವೆಚ್ಚವು ಸಣ್ಣ ವ್ಯಾಪಾರದ ಲಾಭಾಂಶವನ್ನು ನೇರವಾಗಿ ಕೊರೆಯುವ ವೆಚ್ಚವಾಗಿದೆ. ದೊಡ್ಡ ಕಾರ್ಖಾನೆ ಅದನ್ನು ವರ್ಷದ ಒಪ್ಪಂದದಿಂದ ತಗ್ಗಿಸಿಕೊಳ್ಳಬಲ್ಲದು. ಸಣ್ಣ ವರ್ತಕನು ಪ್ರತಿ ಸಲವೂ ಅವಸರದಲ್ಲಿ ತೀರ್ಮಾನಿಸುತ್ತಾನೆ. ಆದ್ದರಿಂದ ವೇಗಕ್ಕೆ ಯಾವಾಗ ಹಣ ಕೊಡಬೇಕು, ಯಾವಾಗ ಕೊಡಬಾರದು ಎಂಬುದನ್ನು ಅಳೆಯುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ವಿನೋದ ಉದ್ಯಾನದ ಒಂದು ಪ್ರಯೋಗ

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ತೋರಿಸುವ ಒಂದು ಉದಾಹರಣೆ ಅಮೆರಿಕದ ಫ್ಲಾರಿಡಾದಲ್ಲಿ ದೊರೆಯುತ್ತದೆ. 1971ರಲ್ಲಿ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿಹಾರ ಕೇಂದ್ರದಲ್ಲಿ ನಾಲ್ಕು ಪ್ರತ್ಯೇಕ ವಿನೋದ ಉದ್ಯಾನಗಳಿವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಸಂಸ್ಥೆಯೇ ಬಸ್ಸು, ದೋಣಿ ಮತ್ತು ಮಾನೊರೈಲುಗಳನ್ನು ಉಚಿತವಾಗಿ ಓಡಿಸುತ್ತದೆ. ಇವುಗಳ ಜೊತೆಗೆ 2016ರ ಕೊನೆಯ ಭಾಗದಲ್ಲಿ ಶುಲ್ಕ ಸಹಿತವಾದ ಒಂದು ಶೀಘ್ರ ಬಸ್ ಸೇವೆಯನ್ನು ಆರಂಭಿಸಲಾಯಿತು. ಆರಂಭದ ದರ ತಲೆಗೆ ದಿನಕ್ಕೆ 15 ಡಾಲರ್. ಪ್ರವಾಸಿಗರಲ್ಲಿ ಇದರ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. 2018ರಲ್ಲಿ ಆ ಸೇವೆಯನ್ನು ನಿಲ್ಲಿಸಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಣ ಕೊಟ್ಟವರ ಬಸ್ಸು ಉಚಿತ ಬಸ್ಸಿಗಿಂತ ರಸ್ತೆಯಲ್ಲಿ ಹೆಚ್ಚು ವೇಗವಾಗಿ ಓಡುತ್ತಿರಲಿಲ್ಲ. ರಸ್ತೆ ಅದೇ, ವೇಗಮಿತಿಯೂ ಅದೇ. ಆದರೆ ಈ ಬಸ್ಸು ಉದ್ಯಾನದ ಒಳಗಿನಿಂದಲೇ ಹೊರಟು ಮತ್ತೊಂದು ಉದ್ಯಾನದ ಒಳಗೇ ಇಳಿಸುತ್ತಿತ್ತು. ಮುಖ್ಯದ್ವಾರದವರೆಗೆ ನಡೆಯುವುದು, ಎರಡನೆಯ ಉದ್ಯಾನದ ಬಾಗಿಲಲ್ಲಿ ಮತ್ತೆ ಚೀಲದ ತಪಾಸಣೆಗೂ ಟಿಕೆಟಿಗೂ ಸರತಿಯಲ್ಲಿ ನಿಲ್ಲುವುದು ತಪ್ಪುತ್ತಿತ್ತು. ಅಂದರೆ ಮಾರಾಟವಾದದ್ದು ಓಟದ ವೇಗವಲ್ಲ, ಕಾಯುವಿಕೆಯಿಂದ ಬಿಡುಗಡೆ. ಇನ್ನೊಂದು ಕಡೆ, ಆ ಬಸ್ಸು ಅರ್ಧ ಗಂಟೆಗೊಮ್ಮೆ ಹೊರಡುತ್ತಿದ್ದುದರಿಂದ ಒಂದು ಬಸ್ಸು ಕಣ್ಣೆದುರೇ ತಪ್ಪಿದವನು ಉಳಿಸಬೇಕಾಗಿದ್ದ ಸಮಯವನ್ನು ಅಲ್ಲಿಯೇ ಕಳೆದುಕೊಳ್ಳುತ್ತಿದ್ದನು.

ಶುಲ್ಕವು ತಲೆಯ ಮೇಲಿತ್ತೇ ಹೊರತು ವಾಹನದ ಮೇಲಿರಲಿಲ್ಲ ಎಂಬುದೂ ಮುಖ್ಯ. ನಾಲ್ವರ ಕುಟುಂಬಕ್ಕೆ ಅದು ದಿನಕ್ಕೆ 60 ಡಾಲರ್ ಆಗುತ್ತಿತ್ತು. ಬಾಡಿಗೆ ಕಾರಿಗಾದರೋ ಒಬ್ಬನಿಗೂ ನಾಲ್ವರಿಗೂ ಒಂದೇ ದರ. ಒಂದೇ ದಿನದ ರಜೆಯಲ್ಲಿ ಬಂದವನಿಗೆ ಪ್ರತಿ ಅರ್ಧ ಗಂಟೆಗೂ ಬೆಲೆಯಿತ್ತು. ವಾರವಿಡೀ ಇರಲು ಬಂದವನಿಗೆ ಅದೇ ಅರ್ಧ ಗಂಟೆಗೆ ಅಷ್ಟು ಬೆಲೆಯಿರಲಿಲ್ಲ. ಹೀಗಾಗಿ ಚರ್ಚೆಯಲ್ಲಿ ಎರಡೂ ಪಕ್ಷಗಳು ತಮ್ಮ ತಮ್ಮ ದೃಷ್ಟಿಯಿಂದ ಸರಿಯಾಗಿಯೇ ಇದ್ದವು. ಬೆಲೆಯು ಸೇವೆಯಲ್ಲಿ ಅಡಗಿಲ್ಲ, ಕೊಳ್ಳುವವನು ಉಳಿಸಿದ ಸಮಯವನ್ನು ಏನು ಮಾಡುತ್ತಾನೆ ಎಂಬುದರಲ್ಲಿದೆ. ಈ ಸೂತ್ರವು ವಿಹಾರಕ್ಕಿಂತ ವ್ಯಾಪಾರಕ್ಕೆ ಹೆಚ್ಚಾಗಿ ಅನ್ವಯಿಸುತ್ತದೆ.

ವೇಗದ ಹೆಸರಿನಲ್ಲಿ ಮಾರಾಟವಾಗುವ ಮೂರು ಸರಕುಗಳು

ಶೀಘ್ರ ಸೇವೆ ಎಂದು ಕರೆಯಲಾಗುವ ಸೇವೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಬೇರೆ ಬೇರೆ ಸರಕುಗಳು ಕಂಡುಬರುತ್ತವೆ. ಮೊದಲನೆಯದು ಓಟದ ವೇಗ, ಎರಡನೆಯದು ಕಾಯುವಿಕೆಯ ನಿವಾರಣೆ, ಮೂರನೆಯದು ಖಚಿತತೆ. ಮೂರಕ್ಕೂ ಪ್ರತ್ಯೇಕ ಬೆಲೆಯಿದೆ. ಒಂದನ್ನು ಕೊಂಡವನು ಮತ್ತೊಂದನ್ನು ಪಡೆದೆನೆಂದು ಭಾವಿಸಿದರೆ ನಷ್ಟವಾಗುವುದು ಸಹಜ.

ಓಟದ ವೇಗಕ್ಕೆ ರೈಲ್ವೆಯ ಸೂಪರ್‌ಫಾಸ್ಟ್ ಅಧಿಶುಲ್ಕ ಉತ್ತಮ ಉದಾಹರಣೆ. ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರುವಂತೆ ವೇಳಾಪಟ್ಟಿ ಇರುವ ಬ್ರಾಡ್‌ಗೇಜ್ ರೈಲುಗಳನ್ನು ಈ ವರ್ಗಕ್ಕೆ ಸೇರಿಸಲಾಗುತ್ತದೆ. 2013ರ ಪರಿಷ್ಕರಣೆಯಲ್ಲಿ ದ್ವಿತೀಯ ದರ್ಜೆಗೆ ರೂ. 15, ಸ್ಲೀಪರ್‌ಗೆ ರೂ. 30, ಹವಾನಿಯಂತ್ರಿತ ಮೂರು ಮತ್ತು ಎರಡು ಹಂತದ ದರ್ಜೆಗಳಿಗೆ ರೂ. 45, ಹವಾನಿಯಂತ್ರಿತ ಪ್ರಥಮ ದರ್ಜೆಗೆ ರೂ. 75 ಎಂದು ಅಧಿಶುಲ್ಕ ನಿಗದಿಯಾಯಿತು. ಆದರೆ 2017ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೆಕ್ಕಪರಿಶೋಧಕರ ವರದಿಯು ಉತ್ತರ ಮಧ್ಯ ಹಾಗೂ ದಕ್ಷಿಣ ಮಧ್ಯ ರೈಲ್ವೆ ವಲಯಗಳ ಕೆಲವು ರೈಲುಗಳನ್ನು ಪರಿಶೀಲಿಸಿ, ಅವು ಅನೇಕ ದಿನಗಳಲ್ಲಿ ನಿಗದಿತ ವೇಗವನ್ನು ಮುಟ್ಟದಿದ್ದರೂ ರೂ. 11.17 ಕೋಟಿಯಷ್ಟು ಅಧಿಶುಲ್ಕ ವಸೂಲಾಗಿತ್ತೆಂದು ತೋರಿಸಿತು. ವೇಗ ದೊರೆಯದಾಗ ಆ ಹಣವನ್ನು ಮರಳಿಸುವ ನಿಯಮವಿಲ್ಲ ಎಂಬುದನ್ನೂ ವರದಿ ಎತ್ತಿ ಹೇಳಿತು. ವೇಗದ ಭರವಸೆಯನ್ನು ಕೊಳ್ಳುವುದು ಬೇರೆ, ವೇಗವನ್ನು ಕೊಳ್ಳುವುದು ಬೇರೆ ಎಂಬ ಪಾಠ ಇದರಲ್ಲಿದೆ.

ಕಾಯುವಿಕೆಯ ನಿವಾರಣೆಗೆ ಫಾಸ್ಟ್ಯಾಗ್ ಉದಾಹರಣೆಯಾಗಿದೆ. 2021ರ ಫೆಬ್ರುವರಿ ಮಧ್ಯಭಾಗದಿಂದ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಟೋಲ್ ಪಥಗಳಲ್ಲಿ ಅದನ್ನು ಕಡ್ಡಾಯಗೊಳಿಸಲಾಯಿತು. ಅದಿಲ್ಲದ ವಾಹನಕ್ಕೆ ದುಪ್ಪಟ್ಟು ಶುಲ್ಕ ವಿಧಿಸಲಾಯಿತು. 2025ರ ನವೆಂಬರ್ 15ರಿಂದ ಈ ನಿಯಮಕ್ಕೆ ತಿದ್ದುಪಡಿಯಾಗಿ, ಫಾಸ್ಟ್ಯಾಗ್ ಇಲ್ಲದವರು ಯುಪಿಐ ಮೂಲಕ ಪಾವತಿಸಿದರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದಾಯಿತು. ಇಲ್ಲಿ ಯಾರ ಲಾರಿಯೂ ಮೊದಲಿಗಿಂತ ವೇಗವಾಗಿ ಓಡುವುದಿಲ್ಲ; ನಿಲ್ಲುವ ಹೊತ್ತು ಮಾತ್ರ ಕಡಿಮೆಯಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ತೆರವಾದಾಗಲೂ ಆದದ್ದು ಇದೇ. ಗಡಿ ಭಾಗದ ವರ್ತಕರಿಗೆ ಅದರಿಂದ ಉಳಿದ ಹೊತ್ತು ಯಾವ ಹೆಚ್ಚುವರಿ ಶುಲ್ಕವಿಲ್ಲದೆ ದೊರೆಯಿತು.

ಖಚಿತತೆಗೆ ರೈಲಿನ ತತ್ಕಾಲ್ ಟಿಕೆಟ್ ಉದಾಹರಣೆ. 1997ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಹೆಚ್ಚು ಕೊಟ್ಟವನೂ ಕಡಿಮೆ ಕೊಟ್ಟವನೂ ಒಂದೇ ರೈಲಿನಲ್ಲಿ, ಒಂದೇ ವೇಗದಲ್ಲಿ ಹೋಗುತ್ತಾರೆ. ಹೆಚ್ಚಿನ ಹಣವು ಕೊನೆಯ ಗಳಿಗೆಯಲ್ಲಿ ಆಸನ ಸಿಗುವ ಅವಕಾಶಕ್ಕೆ ಸಲ್ಲುತ್ತದೆ. ಖಚಿತಗೊಂಡ ತತ್ಕಾಲ್ ಟಿಕೆಟನ್ನು ಪ್ರಯಾಣಿಕನು ರದ್ದುಪಡಿಸಿದರೆ ಹಣ ಮರಳುವುದಿಲ್ಲ. ಅಂದರೆ ಖಚಿತತೆಯನ್ನು ಕೊಂಡವನು ತನ್ನ ಕಡೆಯಿಂದಲೂ ಖಚಿತವಾಗಿರಬೇಕಾಗುತ್ತದೆ. ಅಂಚೆ ಇಲಾಖೆಯ ಸೇವೆಗಳಲ್ಲಿಯೂ ಈ ಭೇದವಿತ್ತು. 1986ರಲ್ಲಿ ಬಂದ ಸ್ಪೀಡ್ ಪೋಸ್ಟ್ ವೇಗಕ್ಕೆ, ರಿಜಿಸ್ಟರ್ಡ್ ಅಂಚೆ ಸುರಕ್ಷತೆಗೆ ಎಂದು ವರ್ತಕರು ಭಾವಿಸುತ್ತಿದ್ದರು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಂಡಿತು. ಸ್ವೀಕರಿಸುವವನ ಕೈಗೇ ತಲುಪಿಸುವ ನೋಂದಣಿಯನ್ನು ಅದರ ಮೇಲಿನ ಪ್ರತ್ಯೇಕ ಶುಲ್ಕದ ಸೌಲಭ್ಯವನ್ನಾಗಿ ಮಾಡಲಾಯಿತು. ವೇಗಕ್ಕೊಂದು ಬೆಲೆ, ಖಚಿತತೆಗೊಂದು ಬೆಲೆ ಎಂಬುದು ಇಲ್ಲಿ ರಸೀದಿಯಲ್ಲಿಯೇ ಕಾಣುತ್ತದೆ.

ಐದು ತಾಲ್ಲೂಕುಗಳ ದಾರಿ: ನಿಧಾನದ ಕೊಂಡಿ ಎಲ್ಲಿದೆ?

ಸರಪಳಿಯ ಬಲವು ಅದರ ದುರ್ಬಲ ಕೊಂಡಿಯಷ್ಟೇ ಎಂಬಂತೆ, ಸಾಗಾಣಿಕೆಯ ವೇಗವನ್ನು ಅದರ ಅತ್ಯಂತ ನಿಧಾನವಾದ ಕೊಂಡಿಯೇ ನಿರ್ಧರಿಸುತ್ತದೆ. ಈ ಪ್ರದೇಶದ ಭೂಪಟವನ್ನು ಮುಂದಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ.

ನಿಪ್ಪಾಣಿಯು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಮೊದಲು ರಾಷ್ಟ್ರೀಯ ಹೆದ್ದಾರಿ 4 ಎಂದು ಹೆಸರಾಗಿದ್ದ ಈ ರಸ್ತೆಗೆ ಈಗ 48ರ ಸಂಖ್ಯೆಯಿದೆ. ಗಡಿಯ ಸಮೀಪ ಕೊಗನೊಳ್ಳಿಯಲ್ಲಿ ಟೋಲ್ ನಾಕಾ ಇದೆ. ಆದರೆ ನಿಪ್ಪಾಣಿಗೆ ರೈಲಿಲ್ಲ. ಮೀರಜ್–ಲೋಂಡಾ ರೈಲು ಮಾರ್ಗವು ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳ ಮೂಲಕ ಪೂರ್ವಭಾಗದಲ್ಲಿ ಹಾದುಹೋಗುತ್ತದೆ. ಹೆದ್ದಾರಿ ಪಶ್ಚಿಮದಲ್ಲಿ, ರೈಲು ಪೂರ್ವದಲ್ಲಿ, ನಡುವೆ ಚಿಕ್ಕೋಡಿ. ‘ಚಿಕ್ಕೋಡಿ ರೋಡ್’ ಎಂಬ ಹೆಸರಿನ ನಿಲ್ದಾಣವಿದ್ದರೂ ಅದು ಚಿಕ್ಕೋಡಿ ಪಟ್ಟಣದಲ್ಲಿಲ್ಲ. ಹೆಸರಿನಲ್ಲಿರುವ ರೋಡ್ ಎಂಬ ಪದವೇ ಅಲ್ಲಿಂದ ಮುಂದೆ ರಸ್ತೆಯ ಪ್ರಯಾಣವಿದೆ ಎಂಬುದನ್ನು ಸೂಚಿಸುತ್ತದೆ. ಅಥಣಿ ಪಟ್ಟಣಕ್ಕೂ ರೈಲಿಲ್ಲ. ಅಲ್ಲಿನ ಮಾಲು ಉಗಾರ, ಕುಡಚಿ ಅಥವಾ ಕಾಗವಾಡದ ಮೇಲೆ ಮೀರಜ್‌ಗೆ ರಸ್ತೆಯಲ್ಲಿ ಹೋಗಿ ರೈಲು ಹತ್ತಬೇಕು.

ಹೀಗಿರುವಾಗ ನಡುವಿನ ದೂರವನ್ನು ಮಾತ್ರ ವೇಗಗೊಳಿಸಿದರೆ ಆಗುವ ಪ್ರಯೋಜನ ಸೀಮಿತವಾದದ್ದು. 2024ರ ಸೆಪ್ಟೆಂಬರ್ 16ರಂದು ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಆರಂಭವಾದಾಗ ಬೆಳಗಾವಿ ಮತ್ತು ಮೀರಜ್‌ಗಳ ನಡುವೆ ಅದಕ್ಕೆ ನಿಲುಗಡೆ ಇರಲಿಲ್ಲ. ರಾಯಬಾಗದ ವರ್ತಕನೊಬ್ಬನು ಇಂತಹ ರೈಲಿಗೆ ಹೆಚ್ಚು ದರ ಕೊಡಬಹುದು; ಆದರೆ ಮೀರಜ್‌ಗೆ ಹೋಗಿ, ಸಮಯಕ್ಕೆ ಮುಂಚೆ ತಲುಪಿ, ಅಲ್ಲಿ ಕಾಯುವ ಹೊತ್ತನ್ನು ಕೂಡಿಸಿದರೆ, ತನ್ನ ಊರಿನಲ್ಲಿಯೇ ನಿಲ್ಲುವ ಸಾಮಾನ್ಯ ಎಕ್ಸ್‌ಪ್ರೆಸ್ಸಿಗಿಂತ ಎಷ್ಟು ಮುಂದಾಗಿ ಪುಣೆ ಸೇರಿದನೆಂಬುದನ್ನು ಮನೆಯ ಬಾಗಿಲಿನಿಂದ ಬಾಗಿಲಿಗೆ ಲೆಕ್ಕಹಾಕಬೇಕಾಗುತ್ತದೆ. ಕಾಗವಾಡದವನಿಗೆ ಮೀರಜ್ ಹತ್ತಿರವಾದ್ದರಿಂದ ಅದೇ ಟಿಕೆಟ್ ಲಾಭಕರವಾಗಬಹುದು. ದರ ಒಂದೇ, ಪ್ರಯೋಜನ ಊರಿಗೆ ತಕ್ಕಂತೆ ಬೇರೆ.

ಮಳೆಗಾಲದಲ್ಲಿ ನಿಧಾನದ ಕೊಂಡಿ ಮತ್ತೊಂದು ಕಡೆಗೆ ಸರಿಯುತ್ತದೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ತುಂಬಿದಾಗ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡಗಳಂತಹ ತಗ್ಗಿನ ಸೇತುವೆಗಳು ಮೊದಲು ಮುಳುಗುತ್ತವೆ. ಸುತ್ತು ಬಳಸಿ ಹೋಗುವುದು ಅನಿವಾರ್ಯವಾಗುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯಲ್ಲಿ ನಿಪ್ಪಾಣಿ–ಕೊಲ್ಹಾಪುರದ ಕಡೆ ಹೆದ್ದಾರಿಯ ಮೇಲೆಯೇ ನೀರು ಬಂದು ಸಂಚಾರ ಸ್ಥಗಿತಗೊಂಡಿತ್ತು. ಅಂತಹ ದಿನಗಳಲ್ಲಿ ಯಾವ ಶೀಘ್ರ ಸೇವೆಗೆ ಹಣ ಕೊಟ್ಟರೂ ಮಾಲು ಮುಂದಕ್ಕೆ ಸಾಗುವುದಿಲ್ಲ. ಮೊದಲೇ ದಾಸ್ತಾನು ಕಳಿಸಿದವನೇ ಗೆದ್ದವನು. ವೇಗಕ್ಕೆ ಪರ್ಯಾಯವಾಗಿ ಮುಂಜಾಗ್ರತೆಯೂ ಒಂದು ಸರಕು, ಅದಕ್ಕೆ ಬೆಲೆ ಬಹಳ ಕಡಿಮೆ.

ಮಾಲಿನ ಸ್ವಭಾವವನ್ನು ಅರಿಯುವುದು

ಉಳಿಸಿದ ಒಂದು ಗಂಟೆಗೆ ಎಲ್ಲ ಮಾಲಿಗೂ ಒಂದೇ ಬೆಲೆಯಿಲ್ಲ. ಈ ಭಾಗದ ಪ್ರಮುಖ ಮಾಲುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯ ವರ್ಗವು ಗಂಟೆಗಂಟೆಗೆ ಬೆಲೆ ಕಳೆದುಕೊಳ್ಳುವ ಮಾಲು. ತರಕಾರಿ, ಹೂವು, ತಾಜಾ ದ್ರಾಕ್ಷಿ, ಹಾಲು ಇದಕ್ಕೆ ಸೇರುತ್ತವೆ. ಕಬ್ಬನ್ನೂ ಇಲ್ಲಿಯೇ ಸೇರಿಸಬೇಕು. ಕಟಾವಾದ ಕಬ್ಬನ್ನು 24 ಗಂಟೆಗಳೊಳಗೆ ನುರಿಸುವುದು ಉತ್ತಮ, ತಡವಾದಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆದರೆ ಹಂಗಾಮಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ ದಾರಿಯಲ್ಲಿ ಅರ್ಧ ಗಂಟೆ ಉಳಿಸಿದ ಲಾರಿಯು ಅಂಗಳದಲ್ಲಿ ಆ ಅರ್ಧ ಗಂಟೆಯನ್ನು ಸೇರಿಸಿಯೇ ಕಾಯುತ್ತದೆ. ಇಲ್ಲಿ ಹಣ ಹಾಕಬೇಕಾದದ್ದು ವೇಗದ ವಾಹನಕ್ಕಲ್ಲ, ಕಟಾವು ಮತ್ತು ಸರದಿಯ ಹೊಂದಾಣಿಕೆಗೆ.

ಎರಡನೆಯ ವರ್ಗವು ಒಂದು ನಿರ್ದಿಷ್ಟ ಗಡುವಿನವರೆಗೆ ಮಾತ್ರ ಬೆಲೆಯುಳ್ಳ ಮಾಲು. ಹಬ್ಬದ ಅಂಗಡಿಗೆ ಹೋಗಬೇಕಾದ ಸಿಹಿತಿಂಡಿ, ಮದುವೆಯ ಹಂಗಾಮಿನ ಬಟ್ಟೆ, ನಿಂತುಹೋದ ಯಂತ್ರಕ್ಕೆ ಬೇಕಾದ ಬಿಡಿಭಾಗ ಇವೆಲ್ಲ ಈ ವರ್ಗದವು. ಗಡುವಿಗೆ ಮುಂಚೆ ಒಂದು ಗಂಟೆ ಬಂದರೂ ಒಂದು ದಿನ ಬಂದರೂ ವ್ಯತ್ಯಾಸವಿಲ್ಲ. ಗಡುವು ಮೀರಿದರೆ ಎಲ್ಲವೂ ನಷ್ಟ. ಇದಕ್ಕೆ ಬೇಕಾದದ್ದು ವೇಗವಲ್ಲ, ಖಚಿತತೆ.

ಮೂರನೆಯ ವರ್ಗವು ಕಾಯಬಲ್ಲ ಮಾಲು. ನಿಪ್ಪಾಣಿಯ ತಂಬಾಕು, ಗಾಣದಮನೆಯ ಬೆಲ್ಲ, ಅಥಣಿ ಭಾಗದ ಒಣದ್ರಾಕ್ಷಿ ಹಾಗೂ ಚರ್ಮದ ಚಪ್ಪಲಿ ಇದಕ್ಕೆ ಸೇರುತ್ತವೆ. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳೂ ಸೇರಿವೆ. ಆದ್ದರಿಂದ ದೂರದ ಗ್ರಾಹಕರಿಂದ ನೇರ ಬೇಡಿಕೆ ಬರುವ ಸಾಧ್ಯತೆ ಹೆಚ್ಚಿದೆ. ಹಾಗೆಂದು ಪ್ರತಿ ಪೆಟ್ಟಿಗೆಯನ್ನೂ ಶೀಘ್ರ ಸೇವೆಯಲ್ಲಿ ಕಳಿಸಬೇಕೆಂದಿಲ್ಲ.

ಲೆಕ್ಕ ಹಾಕುವ ಕ್ರಮ

ಕೆಳಗಿನ ಎರಡು ಉದಾಹರಣೆಗಳಲ್ಲಿನ ಮೊತ್ತಗಳು ಕೇವಲ ಲೆಕ್ಕದ ಸಲುವಾಗಿ ಇಟ್ಟುಕೊಂಡವು. ವರ್ತಕರು ತಮ್ಮ ಸ್ವಂತ ಬಾಡಿಗೆ ಮತ್ತು ದರಗಳನ್ನು ಆ ಸ್ಥಾನದಲ್ಲಿ ಹಾಕಿ ನೋಡಬೇಕು.

ಮೊದಲನೆಯ ಉದಾಹರಣೆ. ಚಿಕ್ಕೋಡಿಯಿಂದ ಕೊಲ್ಹಾಪುರ ಮಾರುಕಟ್ಟೆಗೆ 12 ಕ್ವಿಂಟಲ್ ತರಕಾರಿ ಕಳಿಸಬೇಕಾಗಿದೆ. ಹರಾಜು ಬೆಳಿಗ್ಗೆ 6 ಗಂಟೆಗೆ. ಜೊತೆ ಲಾರಿಯ ಬಾಡಿಗೆ ರೂ. 1,800, ಅದು ಹರಾಜು ಆರಂಭವಾದ ಮೇಲೆ ತಲುಪುತ್ತದೆ. ಪ್ರತ್ಯೇಕ ಟೆಂಪೊ ಬಾಡಿಗೆ ರೂ. 2,600, ಅದು ಹರಾಜಿಗೆ ಮುಂಚೆ ತಲುಪಬೇಕು. ಹೆಚ್ಚಿನ ವೆಚ್ಚ ರೂ. 800. ಮುಂಚೆ ತಲುಪಿದ ಮಾಲಿಗೆ ಕ್ವಿಂಟಲ್‌ಗೆ ರೂ. 150 ಹೆಚ್ಚು ದರ ಸಿಕ್ಕರೆ ಒಟ್ಟು ರೂ. 1,800 ಹೆಚ್ಚು ಬರುತ್ತದೆ. ವೆಚ್ಚ ಕಳೆದು ರೂ. 1,000 ಉಳಿಯುತ್ತದೆ. ಆದರೆ ದರದ ವ್ಯತ್ಯಾಸ ಕ್ವಿಂಟಲ್‌ಗೆ ರೂ. 50 ಮಾತ್ರ ಇದ್ದ ದಿನ ಬರುವುದು ರೂ. 600, ಕೊಟ್ಟದ್ದು ರೂ. 800; ನಷ್ಟ ರೂ. 200.

ಇದರಲ್ಲಿ ಇನ್ನೊಂದು ಹೆಜ್ಜೆ ಇದೆ. ಟೆಂಪೊ ಪ್ರತಿದಿನವೂ ಸಮಯಕ್ಕೆ ತಲುಪುವುದೇ? ಕ್ವಿಂಟಲ್‌ಗೆ ರೂ. 150 ವ್ಯತ್ಯಾಸವಿರುವ ಐದು ದಿನಗಳಲ್ಲಿ ಹೆಚ್ಚಿನ ಬಾಡಿಗೆ ಒಟ್ಟು ರೂ. 4,000. ನಾಲ್ಕು ದಿನ ಸಮಯಕ್ಕೆ ತಲುಪಿದರೆ ಹೆಚ್ಚಿನ ಆದಾಯ ರೂ. 7,200, ಉಳಿತಾಯ ರೂ. 3,200. ಎರಡೇ ದಿನ ತಲುಪಿದರೆ ಆದಾಯ ರೂ. 3,600, ನಷ್ಟ ರೂ. 400. ಐದರಲ್ಲಿ ಕನಿಷ್ಠ ಮೂರು ದಿನ ತಲುಪಿದರೆ ಮಾತ್ರ ಈ ವೇಗ ಲಾಭಕರ. ಆದ್ದರಿಂದ ಬಾಡಿಗೆ ಗೊತ್ತುಮಾಡುವ ಮೊದಲು ಹಿಂದಿನ ತಿಂಗಳ ಆಗಮನದ ವೇಳೆಯನ್ನು ಬರೆದಿಟ್ಟುಕೊಂಡಿರಬೇಕು. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ ಮತ್ತು ಚಾಲಕನ ಒಂದು ದೂರವಾಣಿ ಕರೆ.

ಎರಡನೆಯ ಉದಾಹರಣೆ. ಅಥಣಿಯ ಒಬ್ಬ ತಯಾರಕನು ಜೋಡಿಗೆ ರೂ. 500ರಂತೆ 200 ಜೋಡಿ ಚಪ್ಪಲಿಯನ್ನು, ಅಂದರೆ ರೂ. 1,00,000 ಮೌಲ್ಯದ ಮಾಲನ್ನು ಪುಣೆಗೆ ಕಳಿಸಬೇಕಾಗಿದೆ. ಟ್ರಾನ್ಸ್‌ಪೋರ್ಟ್ ಕಚೇರಿಯ ಮೂಲಕ ಮೂರು ದಿನ, ರೂ. 900, ಕೊರಿಯರ್ ಮೂಲಕ ಒಂದು ದಿನ, ರೂ. 3,600. ಹೆಚ್ಚಿನ ವೆಚ್ಚ ರೂ. 2,700, ಜೋಡಿಗೆ ರೂ. 13.50. ಉಳಿದದ್ದು ಎರಡು ದಿನ. ವರ್ಷಕ್ಕೆ ಶೇ. 12 ಬಡ್ಡಿಯ ಲೆಕ್ಕದಲ್ಲಿ ರೂ. 1,00,000ಕ್ಕೆ ಎರಡು ದಿನದ ಬಡ್ಡಿ ಸುಮಾರು ರೂ. 66. ಅಂದರೆ ರೂ. 66 ಉಳಿಸಲು ರೂ. 2,700 ಖರ್ಚು ಮಾಡಿದಂತಾಯಿತು. ಅದಲ್ಲದೆ ಅಂಗಡಿಯವನು ಮಾಲು ಮುಟ್ಟಿದ ಮೂವತ್ತು ದಿನಕ್ಕೆ ಹಣ ಕೊಡುವ ಪದ್ಧತಿಯಿದ್ದರೆ, ಆ ಗಡುವನ್ನು ಎರಡು ದಿನ ತಗ್ಗಿಸುವಂತೆ ಕೇಳಿಕೊಳ್ಳುವುದು ಬಿಡಿಗಾಸಿನ ಖರ್ಚೂ ಇಲ್ಲದ ವೇಗ. ತಡವಾದರೆ ಬೇಡಿಕೆಯೇ ರದ್ದಾಗುವ ಸಂದರ್ಭದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ; ಆಗ ಆ ಮಾಲು ಮೂರನೆಯ ವರ್ಗದಿಂದ ಎರಡನೆಯ ವರ್ಗಕ್ಕೆ ಬಂದಿದೆ ಎಂದು ತಿಳಿಯಬೇಕು.

ಇ-ವೇ ಬಿಲ್ಲಿನ ಅವಧಿ ಮುಗಿಯುವುದೆಂಬ ಆತುರದಿಂದ ಹೆಚ್ಚು ಬಾಡಿಗೆ ಕೊಡುವುದೂ ಉಂಟು. 2021ರ ಜನವರಿ 1ರಿಂದ ಸಾಮಾನ್ಯ ಮಾಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ ಇದೆ. ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳಿಗೆ ಹೋಗುವ ಮಾಲಿಗೆ ಈ ಕಾರಣಕ್ಕಾಗಿ ಶೀಘ್ರ ಸೇವೆಯ ಅಗತ್ಯ ಬೀಳುವುದು ಅಪರೂಪ.

ಟೋಲ್ ಶುಲ್ಕದಲ್ಲಿ ಬಿಟ್ಟುಹೋಗುವ ರಿಯಾಯಿತಿ

ವೇಗಕ್ಕೆ ಹಣ ಕೊಡುವುದು ಅನಿವಾರ್ಯವಾದಲ್ಲಿಯೂ ಎಷ್ಟು ಕೊಡಬೇಕೆಂಬುದು ವರ್ತಕನ ಕೈಯಲ್ಲಿಯೇ ಇರುತ್ತದೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಕೆಲವು ರಿಯಾಯಿತಿಗಳಿವೆ. 24 ಗಂಟೆಗಳೊಳಗೆ ಮರಳಿ ಬರುವ ವಾಹನಕ್ಕೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಶುಲ್ಕ. ತಿಂಗಳಿಗೆ 50 ಏಕಮುಖ ಪ್ರಯಾಣಗಳ ಪಾಸಿಗೆ ಒಟ್ಟು ಶುಲ್ಕದ ಮೂರನೆಯ ಎರಡು ಭಾಗ. ಟೋಲ್ ನಾಕಾ ಇರುವ ಜಿಲ್ಲೆಯಲ್ಲಿಯೇ ನೋಂದಣಿಯಾದ, ರಾಷ್ಟ್ರೀಯ ಪರವಾನಿಗೆಯ ಮೇಲೆ ಓಡದ ವಾಣಿಜ್ಯ ವಾಹನಗಳಿಗೆ ನಿಯಮದ ಷರತ್ತುಗಳಿಗೊಳಪಟ್ಟು ಅರ್ಧ ಶುಲ್ಕ. ಚಿಕ್ಕೋಡಿಯಲ್ಲಿ ನೋಂದಣಿಯಾಗಿ ಕೆಎ-23 ಸಂಖ್ಯೆ ಪಡೆದ ಸಣ್ಣ ಮಾಲು ವಾಹನಗಳ ಮಾಲೀಕರು ಕೊಗನೊಳ್ಳಿಯ ದರಪಟ್ಟಿಯ ಈ ಅಂಕಣವನ್ನು ಓದಿ, ತಮಗೆ ಅನ್ವಯಿಸುವ ದರವನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಏಕಮುಖ ಶುಲ್ಕ ರೂ. 100 ಎಂದು ಇಟ್ಟುಕೊಂಡರೆ ಹೋಗಿ ಬರುವ ಪ್ರಯಾಣಕ್ಕೆ ರೂ. 150, ತಿಂಗಳ ಪಾಸಿಗೆ ಸುಮಾರು ರೂ. 3,333 ಆಗುತ್ತದೆ. ತಿಂಗಳಿಗೆ 22 ಸಲ ಹೋಗಿ ಬರುವವನಿಗೆ ಬಿಡಿ ಪಾವತಿಯೇ ಅಗ್ಗ. 23 ಸಲ ಅಥವಾ ಹೆಚ್ಚು ಹೋಗಿ ಬರುವವನಿಗೆ ಪಾಸು ಅಗ್ಗ. ಶುಲ್ಕ ಎಷ್ಟೇ ಇದ್ದರೂ ಈ ಗಡಿಸಂಖ್ಯೆ ಬದಲಾಗುವುದಿಲ್ಲ. 2025ರ ಆಗಸ್ಟ್ 15ರಂದು ರೂ. 3,000 ದರದಲ್ಲಿ 200 ಪ್ರಯಾಣಗಳ ವಾರ್ಷಿಕ ಪಾಸು ಬಂದಿತಾದರೂ ಅದು ವಾಣಿಜ್ಯೇತರ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಮಾಲು ಸಾಗಿಸುವ ವಾಹನಕ್ಕೆ ಅದು ಸಲ್ಲದು.

ಸಾಮಾನ್ಯ ಸೇವೆ ಸೊರಗಬಾರದು

ಈ ಚರ್ಚೆಗೆ ಸಾರ್ವಜನಿಕವಾದ ಮುಖವೊಂದಿದೆ. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿಯೇ 1999ರಿಂದ ಆಟಗಳ ಸರತಿಯನ್ನು ತಪ್ಪಿಸುವ ಮುಂಗಡ ಚೀಟಿ ಉಚಿತವಾಗಿತ್ತು. 2021ರಲ್ಲಿ ಅದರ ಸ್ಥಾನಕ್ಕೆ ಶುಲ್ಕದ ವ್ಯವಸ್ಥೆ ಬಂದಿತು. ಒಂದು ಸಾಲಿನವರನ್ನು ಮುಂದೆ ಬಿಟ್ಟಾಗ ಇನ್ನೊಂದು ಸಾಲು ಅಷ್ಟರಮಟ್ಟಿಗೆ ಹಿಂದೆ ಉಳಿಯುತ್ತದೆ. ವಿಹಾರದಲ್ಲಿ ಇದು ಸಣ್ಣ ವಿಷಯ, ಸಾರಿಗೆಯಲ್ಲಿ ಹಾಗಲ್ಲ.

ನಿಪ್ಪಾಣಿಯ ಬೀಡಿ ಕಾರ್ಮಿಕರು, ಅಥಣಿ ಭಾಗದ ಚಪ್ಪಲಿ ಕುಶಲಕರ್ಮಿಗಳು, ಅಂಗಡಿಗಳ ಸಹಾಯಕರು, ಹಮಾಲರು ಕೆಲಸಕ್ಕೆ ಬರುವುದು ಹಳ್ಳಿಹಳ್ಳಿಗೂ ನಿಲ್ಲುವ ಸಾಮಾನ್ಯ ಬಸ್ಸಿನಲ್ಲಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಚಿಕ್ಕೋಡಿ ವಿಭಾಗದ ಬಸ್ಸುಗಳೇ ಈ ಭಾಗದ ದುಡಿಮೆಯ ಗಡಿಯಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆಯಿತು. 2025ರ ಜನವರಿ 5ರಿಂದ ಉಳಿದವರ ದರ ಶೇ. 15ರಷ್ಟು ಏರಿತು. ಮಾಲೀಕನು ನಾನ್‌ಸ್ಟಾಪ್ ಬಸ್ಸಿನಲ್ಲಿ ಬಂದು ಬೇಗ ಅಂಗಡಿ ತೆರೆದರೂ, ಕೆಲಸಗಾರರ ಬಸ್ಸು ಬಾರದಿದ್ದರೆ ಯಂತ್ರ ತಿರುಗುವುದಿಲ್ಲ. ಹೀಗೆ ಸಾಮಾನ್ಯ ಸೇವೆಯೂ ಉದ್ದಿಮೆಯ ಒಂದು ಕೊಂಡಿಯೇ ಆಗಿದೆ.

ಆದ್ದರಿಂದ ವರ್ತಕರ ಸಂಘಗಳು ಮನವಿ ಸಲ್ಲಿಸುವಾಗ ಶೀಘ್ರ ರೈಲಿನ ನಿಲುಗಡೆಯೊಂದನ್ನೇ ಕೇಳದೆ, ಎಲ್ಲರಿಗೂ ಸಮನಾಗಿ ವೇಗ ಕೊಡುವ ಕೆಲಸಗಳನ್ನು ಮುಂದಿಡುವುದು ಹೆಚ್ಚು ಫಲದಾಯಕ. ಒಂಟಿ ಹಳಿಯಲ್ಲಿ ಎದುರು ರೈಲಿಗಾಗಿ ನಿಲ್ದಾಣದಲ್ಲಿ ಕಾಯುವ ಹೊತ್ತು ಜೋಡಿ ಹಳಿಯಿಂದ ಉಳಿಯುತ್ತದೆ. ಆ ಲಾಭ ಪ್ಯಾಸೆಂಜರ್ ರೈಲಿಗೂ ಮಾಲುಗಾಡಿಗೂ ಸಮ. ತಗ್ಗಿನ ಸೇತುವೆಯೊಂದನ್ನು ಎತ್ತರಿಸಿದರೆ ಮಳೆಗಾಲದ ಸುತ್ತುದಾರಿ ಟ್ರ್ಯಾಕ್ಟರಿಗೂ ಶಾಲೆಯ ಮಕ್ಕಳಿಗೂ ತಪ್ಪುತ್ತದೆ. ಬೆಳಗಿನ ಒಂದು ಸಾಮಾನ್ಯ ಬಸ್ಸು ಸಮಯಕ್ಕೆ ಬಂದರೆ ಹತ್ತಾರು ಕಾರ್ಯಾಗಾರಗಳು ಸಮಯಕ್ಕೆ ತೆರೆಯುತ್ತವೆ.

ಹಣ ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಕೊಳ್ಳುತ್ತಿರುವುದು ಓಟದ ವೇಗವೋ, ಕಾಯುವಿಕೆಯ ನಿವಾರಣೆಯೋ, ಖಚಿತತೆಯೋ?

2. ಶುಲ್ಕವು ತಲೆಗೋ, ಪೆಟ್ಟಿಗೆಗೋ, ವಾಹನಕ್ಕೋ? ಜೊತೆಗೂಡಿ ಕಳಿಸಿದರೆ ತಗ್ಗುವುದೇ?

3. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದಾಗ ನಿಜವಾಗಿ ಉಳಿಯುವ ಸಮಯ ಎಷ್ಟು? ನಿಧಾನದ ಕೊಂಡಿ ಎಲ್ಲಿದೆ?

4. ಮಾಲು ಗಂಟೆಗಂಟೆಗೆ ಬೆಲೆ ಕಳೆದುಕೊಳ್ಳುವುದೋ, ಗಡುವಿನದೋ, ಕಾಯಬಲ್ಲದೋ?

5. ಹಿಂದಿನ ಹತ್ತು ಸಲದಲ್ಲಿ ಎಷ್ಟು ಸಲ ಆ ಸೇವೆ ಹೇಳಿದ ವೇಳೆಗೆ ತಲುಪಿಸಿದೆ? ತಲುಪಿಸದಿದ್ದರೆ ಹಣ ಮರಳುವುದೇ?

6. ಒಂದು ದಿನ ಮುಂಚೆ ಹೊರಟಿದ್ದರೆ ಈ ಹಣವೇ ಬೇಕಾಗುತ್ತಿರಲಿಲ್ಲವೇ?

ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದ ನಂತರವೂ ಲೆಕ್ಕ ಲಾಭದ ಕಡೆಗೇ ಇದ್ದರೆ ವೇಗಕ್ಕೆ ಹಣ ಕೊಡುವುದರಲ್ಲಿ ಹಿಂಜರಿಯಬಾರದು. ಹರಾಜು ತಪ್ಪಿದ ತರಕಾರಿಯ ನಷ್ಟವು ಬಾಡಿಗೆಯ ಉಳಿತಾಯಕ್ಕಿಂತ ದೊಡ್ಡದು. ಲೆಕ್ಕ ಲಾಭ ತೋರಿಸದಿದ್ದರೆ ಸಾಮಾನ್ಯ ದರದ ಸೇವೆಯಲ್ಲಿಯೇ ಮಾಲು ಕಳಿಸಿ, ಉಳಿದ ಹಣವನ್ನು ಬಂಡವಾಳಕ್ಕೆ ಸೇರಿಸಿಕೊಳ್ಳುವುದು ಜಾಣತನ. ಸಮಯವು ಹಣವೆಂಬ ಮಾತು ನಿಜವಾಗುವುದು ಉಳಿದ ಸಮಯವು ಗಲ್ಲಾಪೆಟ್ಟಿಗೆಯವರೆಗೆ ಬಂದಾಗ ಮಾತ್ರ.